ಹೇಳೋದೆಷ್ಟು, ಕೊಡೋದೆಷ್ಟು?



ಹೋದ ಮದುವೆ ಹಂಗಾಮಿನಲ್ಲಿ ರಾಯಚೂರಿನ ತೀನ್ ಕಂದೀಲ್ ಸಮೀಪದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಆರಿಸುತ್ತ ಕೂತಿದ್ದೆ. ಅದೇ ಹಾಸಿನ ಮೇಲೆ, ಎರಡು ಮೊಳ ಆಚೆ, ದೇವದುರ್ಗದ ಕಡೆಯಿಂದ ಬಂದಿದ್ದ ತಾಯಿ ಮತ್ತು ಮಗಳು. ತಾಯಿ ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದಿದ್ದರು. ರೊಕ್ಕದ ಸಂಚಿ ಸೊಂಟದಲ್ಲಿತ್ತು, ಅದರ ಮೇಲೆ ಒಂದು ಕೈ ಇದ್ದೇ ಇತ್ತು. ಮಗಳು ಕಾಲೇಜು ಓದುವಾಕೆ. ಆಕೆ ಒಂದು ಸೀರೆಯನ್ನು ತೋರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಕೇಳಿದಳು: “ಹೌ ಮಚ್ ಈಸ್ ದಿಸ್?” ಅಂಗಡಿಯ ಹುಡುಗ ಅಷ್ಟೇ ಚುರುಕಾಗಿ ಹೇಳಿದ: “ಟ್ವೆಲ್ ಫಿಫ್ಟಿ, ಮೇಡಂ.”

ತಾಯಿ ಮಗಳ ಮೊಣಕೈ ಮುಟ್ಟಿದರು. “ಎಷ್ಟಂತವ್ವಾ?”

“ಸಾವಿರದ ಇನ್ನೂರಾ ಐವತ್ತಂತ.”

“ಅದು ಹೇಳೋದಾತು. ಕೊಡೋದೆಷ್ಟು ಕೇಳು.”

ಹುಡುಗಿ ಬಾಯಿ ತೆರೆದಳು. ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದಳು. ಆಕೆ ಹುಡುಕುತ್ತಿದ್ದ ಇಂಗ್ಲಿಷ್ ವಾಕ್ಯವನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಕೆನ್ನೆ ಕೆಂಪಾಗಿ, ಕಣ್ಣು ಸೀರೆಯ ಅಂಚಿಗಿಳಿದವು. ಅಷ್ಟರಲ್ಲಿ ತಾಯಿಯೇ ಮುಂದೆ ಸರಿದು, “ತಮ್ಮಾ, ಹೇಳೋದು ಎಷ್ಟರ ಇರ್ಲಿ, ಕೊಡೋದೆಷ್ಟು ಅಷ್ಟು ಹೇಳಿಬಿಡು” ಅಂದರು. ಹುಡುಗನ ಮುಖದ ಬಿಗಿ ಸಡಿಲಾಯಿತು. ಅವನೂ ನಮ್ಮ ಮಾನ್ವಿ ಕಡೆಯವನೇ. “ಯಮ್ಮಾ, ನೀವು ಅಷ್ಟು ದೂರದಿಂದ ಬಂದೀರಿ, ಹನ್ನೆರಡು ನೂರು ಕೊಡ್ರಿ” ಅಂದ. ವ್ಯಾಪಾರ ಅಲ್ಲಿಂದ ಶುರುವಾಯಿತು.

ಆ ಹುಡುಗಿಯ ಮುಖ ನನ್ನನ್ನು ಬಿಟ್ಟಿಲ್ಲ. ನಾನು ಇಂಗ್ಲಿಷ್ ಮಾಸ್ತರ. ದೇವದುರ್ಗ ಮತ್ತು ಮಾನ್ವಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ವರ್ಷಾನುಗಟ್ಟಲೆ ಪಾಠ ಹೇಳಿದವನು. ಅಂಗಡಿಗೆ ಹೋಗಿ ಬೆಲೆ ಕೇಳುವ ಸಂಭಾಷಣೆಯನ್ನು ಎಷ್ಟು ತರಗತಿಗಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಒಬ್ಬ ಗಿರಾಕಿ, ಒಬ್ಬ ಅಂಗಡಿಕಾರ. ಗಿರಾಕಿ ಬೆಲೆ ಕೇಳುತ್ತಾನೆ, ಅಂಗಡಿಕಾರ ಹೇಳುತ್ತಾನೆ, ಗಿರಾಕಿ ಥ್ಯಾಂಕ್ಯೂ ಅನ್ನುತ್ತಾನೆ, ಪಾಠ ಮುಗಿಯುತ್ತದೆ. ನಮ್ಮ ಸಂತೆಯಲ್ಲಿ ಮಾತು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ನಮ್ಮ ಇಂಗ್ಲಿಷ್ ಪಾಠ ನಿಂತುಬಿಡುತ್ತದೆ. ಆ ಹುಡುಗಿ ತಪ್ಪಿದ್ದು ಅಲ್ಲಿಯೇ. ಆಕೆಯ ತಪ್ಪಲ್ಲ, ನಾವು ಪಾಠವನ್ನು ಅರ್ಧಕ್ಕೇ ಬಿಟ್ಟ ತಪ್ಪು. ಇವತ್ತಿನ ಮಾತು ಆ ಉಳಿದರ್ಧದ ಬಗ್ಗೆ.

ಮೊದಲು ಒಂದು ಪುಟ್ಟ ಶಬ್ದ ತಗೊಳ್ಳೋಣ: ಎಷ್ಟು. ಕನ್ನಡದಲ್ಲಿ ಇದೊಂದೇ ಶಬ್ದ ಎಷ್ಟೊಂದು ಕೆಲಸ ಮಾಡುತ್ತದೆ ನೋಡಿ. ಅಕ್ಕಿ ಎಷ್ಟು, ಎತ್ತು ಎಷ್ಟು, ಟೈಮ್ ಎಷ್ಟು, ವಯಸ್ಸು ಎಷ್ಟು, ಇದರ ಬೆಲೆ ಎಷ್ಟು. ಎಣಿಸುವುದಕ್ಕೂ ಅದೇ, ಅಳೆಯುವುದಕ್ಕೂ ಅದೇ. ಇಂಗ್ಲಿಷಿನಲ್ಲಿ ಎಣಿಸುವ ವಸ್ತುವಿಗೆ ‘ಹೌ ಮೆನಿ’, ಅಳೆಯುವ ವಸ್ತುವಿಗೂ ಬೆಲೆಗೂ ‘ಹೌ ಮಚ್’. ನಮ್ಮ ಮಕ್ಕಳು ಬೆಲೆ ಕೇಳುವಾಗ ‘ಹೌ ಮೆನಿ’ ಅನ್ನುವುದುಂಟು. ಅವರಿಗೆ ಬುದ್ಧಿ ಕಡಿಮೆ ಅಂತಲ್ಲ. ರೂಪಾಯಿ ಎಣಿಸುವ ವಸ್ತುವಲ್ಲವೇ ಅನ್ನುವುದು ಅವರ ತರ್ಕ, ಆ ತರ್ಕದಲ್ಲಿ ಏನೂ ಕೊರತೆಯಿಲ್ಲ. ‘ಹೌ ಮೆನಿ ರುಪೀಸ್’ ಅಂದರೆ ಇಂಗ್ಲಿಷಿನವರಿಗೂ ತಿಳಿಯುತ್ತದೆ. ಹಾಗೆ ಕೇಳಿದ ಮಗುವನ್ನು ನಕ್ಕು ಕೂರಿಸಿದರೆ ಆ ಮಗು ಮುಂದೆ ಯಾವ ಅಂಗಡಿಯಲ್ಲೂ ಬಾಯಿ ಬಿಡುವುದಿಲ್ಲ. ನಗದೆ ತಿದ್ದಬೇಕು. ಎಣಿಕೆ ಅಳತೆಗಳ ಕನ್ನಡದ ‘ಎಷ್ಟು’ ಇಂಗ್ಲಿಷಿನಲ್ಲಿ ಎರಡಾಗಿ ಒಡೆದಿದೆ ಅಂತ ಹೇಳಿದರೆ ಒಂದೇ ದಿನಕ್ಕೆ ತಲೆಗೆ ಹೋಗುತ್ತದೆ. ನಾನು ಇದನ್ನು ಕಂಡುಕೊಳ್ಳಲು ಬಹಳ ವರ್ಷ ತಗೊಂಡೆ. ಕನ್ನಡವನ್ನು ತರಗತಿಯ ಹೊರಗೆ ಬಿಟ್ಟು ಬಂದರೆ ಇಂಗ್ಲಿಷ್ ಬೇಗ ಬರುತ್ತದೆ ಅಂತ ನಂಬಿದ್ದ ಕಾಲ ಅದು.

ಇನ್ನು ಅಂಕಿಗಳು. ಬೆಲೆ ಕೇಳುವುದು ಸುಲಭ, ಹೇಳಿದ್ದನ್ನು ಕೇಳಿಸಿಕೊಳ್ಳುವುದು ಕಷ್ಟ. ಹದಿನೈದಕ್ಕೂ ಐವತ್ತಕ್ಕೂ ಕನ್ನಡದಲ್ಲಿ ಕಿವಿ ತಪ್ಪುವ ಪ್ರಶ್ನೆಯೇ ಇಲ್ಲ. ಇಂಗ್ಲಿಷಿನ ಫಿಫ್ಟೀನ್ ಮತ್ತು ಫಿಫ್ಟಿ ಬಜಾರಿನ ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ. ಹದಿಮೂರು–ಮೂವತ್ತರಿಂದ ಹಿಡಿದು ಹತ್ತೊಂಬತ್ತು–ತೊಂಬತ್ತರವರೆಗೆ ಇದೇ ತೊಡಕು. ಕೊನೆಯ ‘ಟೀನ್’ ಎಳೆದು ಹೇಳಿದರೆ ಹದಿನೈದು, ‘ಟಿ’ ಮೊಟಕಾಗಿ ಬಿದ್ದರೆ ಐವತ್ತು. ಅನುಮಾನ ಬಂದರೆ “ಒನ್ ಫೈವ್?” ಅಂತ ಬಿಡಿಬಿಡಿಯಾಗಿ ತಿರುಗಿ ಕೇಳಿರಿ. ‘ಟೂ ಫಿಫ್ಟಿ’ ಅನ್ನುವುದು ಇನ್ನೊಂದು ಗೊಂದಲ. ಚಾಕಲೇಟಿನ ಮುಂದೆ ಅದು ಎರಡೂವರೆ ರೂಪಾಯಿ, ಚಪ್ಪಲಿಯ ಮುಂದೆ ಇನ್ನೂರಾ ಐವತ್ತು. ಕನ್ನಡ ಕಾಲು, ಅರೆ, ಮುಕ್ಕಾಲುಗಳನ್ನು ಅಂಕಿಗೇ ಅಂಟಿಸಿ, ಒಂದೂಕಾಲು, ಎರಡೂವರೆ, ಮೂರೂಮುಕ್ಕಾಲು ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ.

ಆದರೆ ಧೈರ್ಯದ ಮಾತೂ ಒಂದಿದೆ, ಅದನ್ನು ಪಾಲಕರಿಗೆ ಹೇಳಲೇಬೇಕು. ನಮ್ಮ ಬಜಾರಿನಲ್ಲಿ ಉರ್ದು, ಹಿಂದಿ ಕೇಳಿ ಬೆಳೆದ ಮಕ್ಕಳಿಗೂ ಉನ್ಯಾಸಿ ಅಂದರೆ ಎಪ್ಪತ್ತೊಂಬತ್ತು, ನವಾಸಿ ಅಂದರೆ ಎಂಬತ್ತೊಂಬತ್ತು ಅನ್ನುವುದು ಥಟ್ಟನೆ ಹೊಳೆಯುವುದಿಲ್ಲ. ಅಲ್ಲಿ ನೂರರವರೆಗೆ ಹೆಚ್ಚುಕಡಿಮೆ ಒಂದೊಂದು ಅಂಕಿಯನ್ನೂ ಬೇರೆಯಾಗಿಯೇ ಬಾಯಿಪಾಠ ಮಾಡಬೇಕು. ಆದರೆ ಇಪ್ಪತ್ತು ದಾಟಿದ ಮೇಲೆ ಕನ್ನಡದ ನಡಿಗೆಯೂ ಇಂಗ್ಲಿಷಿನ ನಡಿಗೆಯೂ ಒಂದೇ. ಎಪ್ಪತ್ತು, ಒಂಬತ್ತು, ಎಪ್ಪತ್ತೊಂಬತ್ತು. ಸೆವೆಂಟಿ, ನೈನ್, ಸೆವೆಂಟಿ ನೈನ್. ಕನ್ನಡದಲ್ಲಿ ಎಣಿಸಲು ಗಟ್ಟಿಯಾಗಿ ಕಲಿತ ಮಗುವಿಗೆ ಇಂಗ್ಲಿಷ್ ಅಂಕಿ ಅರ್ಧ ಬಂದ ಹಾಗೇ.

ಈಗ ಪಾಠ ಬಿಟ್ಟು ಉಸ್ಮಾನಿಯಾ ಮಾರ್ಕೆಟ್ಟಿಗೆ ಬನ್ನಿ. ಬೆಳಗಿನ ಹೊತ್ತು, ಕೊತ್ತಂಬರಿ ಕಟ್ಟಿನಿಂದ ಇನ್ನೂ ನೀರು ಸೋರುತ್ತಿರುತ್ತದೆ. ಬದನೆಕಾಯಿ ರಾಶಿಯ ಮುಂದೆ ನಿಂತ ಹೆಣ್ಣುಮಗಳು ಏನಂತ ಕೇಳುತ್ತಾಳೆ? ‘ಇದರ ಬೆಲೆ ಎಷ್ಟು’ ಅಂತ ಕೇಳುವುದಿಲ್ಲ, ಅದು ಪುಸ್ತಕದ ಕನ್ನಡ. “ಹೆಂಗ ಕೊಟ್ಟೆವ್ವಾ ಬದ್ನಿಕಾಯಿ?” ಅನ್ನುತ್ತಾಳೆ. ಎಷ್ಟು ಅಲ್ಲ, ಹೆಂಗ. ಬೆಲೆ ಅಲ್ಲ, ಕೊಡುವುದು. ಈ ಎರಡು ಶಬ್ದಗಳ ಮೇಲೆ ನಾನು ಬಹಳ ಯೋಚಿಸಿದ್ದೇನೆ. ಬೆಲೆ ಎಷ್ಟು ಅಂದರೆ ಬೆಲೆ ವಸ್ತುವಿಗೆ ಅಂಟಿಕೊಂಡಿದೆ, ನೀನು ಅದನ್ನು ಓದಿ ಹೇಳು ಅಂದ ಹಾಗೆ. ಹೆಂಗ ಕೊಟ್ಟಿ ಅಂದರೆ ಬೆಲೆ ನಿನ್ನ ಕೈಯಲ್ಲಿದೆ, ನನ್ನ ನಿನ್ನ ನಡುವೆ ಇದೆ, ಮಾತಾಡೋಣ ಅಂದ ಹಾಗೆ. ಮಾರುವಾಕೆಯೂ ಬರೀ ಅಂಕಿ ಹೇಳುವುದಿಲ್ಲ. “ಮುಂಜಾಲಿ ಬೋಣಿಗಿ, ಪಾವಕಿಲೋ ಹದಿನೈದು ಮಾಡಿ ಒಯ್ಯಿ” ಅನ್ನುತ್ತಾಳೆ. ಬೋಣಿಗಿ ಅಂದರೆ ದಿನದ ಮೊದಲ ಮಾರಾಟ. ಅದನ್ನು ತಿರಸ್ಕರಿಸಿ ಹೋಗಬೇಡ ಅನ್ನುವ ಬೇಡಿಕೆ ಅದರಲ್ಲಿದೆ, ನಿನಗಾಗಿ ಇಳಿಸಿದ್ದೇನೆ ಅನ್ನುವ ಮರ್ಯಾದೆಯೂ ಇದೆ.

ಆಮೇಲೆ ಕೊಸರು. ತಕ್ಕಡಿ ಸಮವಾದ ಮೇಲೂ ಒಂದು ಕಾಯಿ ಕೈಯೆತ್ತಿ ಹಾಕುತ್ತಾರಲ್ಲ, ಅದು. ತೂಕಕ್ಕೆ ಸೇರಿದ್ದಲ್ಲ, ಬೆಲೆಗೂ ಸೇರಿದ್ದಲ್ಲ. ಕೊಸರು ಕೇಳುವುದು ಗಿರಾಕಿಯ ಹಕ್ಕು, ಹಾಕುವುದು ಮಾರುವವರ ದೊಡ್ಡಸ್ತಿಕೆ. ನಾಳೆಯೂ ಬಾ ಅಂತ ಕರೆಯುವ ರೀತಿ ಅದು. ಇನ್ನೊಂದು ನೆನಪು ನಮ್ಮ ಕಣದ್ದು. ರಾಶಿ ಅಳೆಯುವಾಗ ಹಿರಿಯರು ಮೊದಲ ಕೊಳಗಕ್ಕೆ ಒಂದು ಅನ್ನುತ್ತಿರಲಿಲ್ಲ. ‘ಲಾಭ’ ಅನ್ನುತ್ತಿದ್ದರು. ಲಾಭ, ಎರಡು, ಮೂರು. ಹೊಲದ ದುಡಿಮೆಯನ್ನು ಎಣಿಸುವಾಗ ಬರೀ ಅಂಕಿ ಸಾಲದು ಅನ್ನಿಸಿದ ಜನ ನಾವು. ಉದ್ದರಿ ಅನ್ನುವ ಶಬ್ದವನ್ನೂ ಇದೇ ಜೊತೆಗೆ ಇಡಬೇಕು. ಮಳೆ ಬಂದು ಹತ್ತಿ ಬಿಡಿಸುವವರೆಗೆ ಕಿರಾಣಿ ಅಂಗಡಿಯ ವಹಿಯಲ್ಲಿ ನಿಲ್ಲುವ ಬಾಕಿ ಅದು, ಬರೀ ಸಾಲವಲ್ಲ. ಊರಿನಲ್ಲಿ ಯಾರ ಮಾತಿಗೆ ಎಷ್ಟು ತೂಕ ಅನ್ನುವುದನ್ನು ಆ ವಹಿ ಹೇಳುತ್ತದೆ. ಇವುಗಳನ್ನು ಇಂಗ್ಲಿಷಿನಲ್ಲಿ ಹೇಳಲು ಆಗುವುದಿಲ್ಲ ಅಂತಲ್ಲ, ಹೇಳಬಹುದು. ಆದರೆ ‘ಹೌ ಮಚ್’ ಒಂದನ್ನೇ ಕಲಿತು ಬಂದ ಮಗು ಇವಕ್ಕೆಲ್ಲ ಮೂಕವಾಗುತ್ತದೆ.

ಬೆಲೆಯ ಭಾಷೆ ಬೇರೆಯಾಗುವುದು ರಾಯಚೂರಿಗೆ ಹೊಸದಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠಗಳೂ ಉರ್ದುವಿನಲ್ಲೇ. ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು, ಅದು ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಕಲದಾರ್ ಅನ್ನುತ್ತಿದ್ದರು. ಆರು ಕಲದಾರಿಗೆ ಏಳು ಸಿಕ್ಕಾ ಸಮ. ಮಾನ್ವಿಯ ರೈತ ತುಂಗಭದ್ರೆ ದಾಟಿ ಆದೋನಿಯ ಪೇಟೆಗೆ ಹೋದರೆ ಅದು ಮದರಾಸು ಪ್ರಾಂತ, ಅಲ್ಲಿ ಕಲದಾರಿನ ವ್ಯವಹಾರ. ಬೆಲೆ ಎಷ್ಟು ಅನ್ನುವುದರ ಜೊತೆಗೆ ಸಿಕ್ಕಾನೋ ಕಲದಾರೋ ಅಂತಲೂ ಕೇಳಬೇಕಿತ್ತು. ಅಕ್ಷರ ಬಾರದ ನಮ್ಮ ಮುತ್ತಜ್ಜಂದಿರು ಈ ಏಳು-ಆರರ ಲೆಕ್ಕವನ್ನು ಬೆರಳ ಗೆಣ್ಣಿನ ಮೇಲೆ ಮಾಡುತ್ತಿದ್ದರು. ಕನ್ನಡದಲ್ಲಿ ಯೋಚಿಸಿ, ತೆಲುಗಿನಲ್ಲಿ ಕೇಳಿ, ಉರ್ದುವಿನಲ್ಲಿ ರಸೀದಿ ತಗೊಂಡು ಬರುತ್ತಿದ್ದರು. ರಸೀದಿ, ಬಾಕಿ, ಜಮಾ, ಖರ್ಚು, ಮಾಲು, ಕಿಮ್ಮತ್ತು, ಬಜಾರು, ಇವೆಲ್ಲ ಆ ದಾರಿಯಲ್ಲೇ ನಮ್ಮ ಮನೆಯೊಳಗೆ ಬಂದು ಕನ್ನಡವೇ ಆದವು. ಸಂಸ್ಥಾನದ ನೋಟಿನ ಮೇಲೆ ಉರ್ದುವಿನ ಜೊತೆಗೆ ಕನ್ನಡ, ತೆಲುಗು, ಮರಾಠಿ, ಇಂಗ್ಲಿಷಿನಲ್ಲೂ ಮೊತ್ತ ಇರುತ್ತಿತ್ತು. ಇವತ್ತು ನಿಮ್ಮ ಜೇಬಿನಲ್ಲಿರುವ ನೋಟು ತಿರುಗಿಸಿ ನೋಡಿ. ಹಿಂಬದಿಯ ಪಟ್ಟಿಯಲ್ಲಿ ಹದಿನೈದು ಭಾಷೆಗಳ ಸಾಲಿವೆ. ಮೇಲಿನಿಂದ ನಾಲ್ಕನೆಯದು ಕನ್ನಡ, ಕೊನೆಯ ಎರಡು ತೆಲುಗು ಮತ್ತು ಉರ್ದು. ರಾಯಚೂರು ಬಜಾರಿನ ಮೂರು ಭಾಷೆಗಳೂ ಒಂದೇ ಕಾಗದದ ಮೇಲಿವೆ.

ಆ ಬಹುಭಾಷೆಯ ಬಜಾರಿನಲ್ಲಿ ಒಂದು ಗುಣವಿತ್ತು, ಈಗಲೂ ಇದೆ. ಅಂಗಡಿಕಾರ ಗಿರಾಕಿಯ ಭಾಷೆ ಕಲಿಯುತ್ತಾನೆ. ಗಂಜ್ ಮಾರುಕಟ್ಟೆಯ ದಲಾಲಿ ಅಂಗಡಿಯ ಮಾರವಾಡಿ ಸೇಠರು ದೇವದುರ್ಗದ ರೈತನ ಜೊತೆ ಅಚ್ಚ ನಮ್ಮ ಮಾತಿನಲ್ಲೇ “ಬಾರಪ್ಪಾ ಗೌಡಾ, ಹತ್ತಿ ಹೆಂಗ ಬಂತು ಈ ಸರ್ತಿ” ಅನ್ನುವುದನ್ನು ಕೇಳಿದ್ದೇನೆ. ತೆಲುಗಿನ ಗಿರಾಕಿ ಬಂದರೆ ತೆಲುಗು, ಮುಸಲ್ಮಾನ ಬಂಧು ಬಂದರೆ ಉರ್ದು, ತಾಂಡಾದ ಅವ್ವ ಬಂದರೆ ನಾಲ್ಕು ಲಂಬಾಣಿ ಮಾತು. ಬೆಲೆ ಕೇಳುವವರು ತಲೆ ತಗ್ಗಿಸಬೇಕಾಗಿರಲಿಲ್ಲ. ಇಂಗ್ಲಿಷ್ ಬಂದದ್ದು ಬೇರೆ ಬಾಗಿಲಿನಿಂದ. ಅದು ಗಿರಾಕಿಯ ಮನೆಮಾತಾಗಿಯೂ ಬರಲಿಲ್ಲ, ಅಂಗಡಿಕಾರನ ಮನೆಮಾತಾಗಿಯೂ ಬರಲಿಲ್ಲ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಪಟ್ಟಿಯ ಮೇಲಿನ 499 ಅನ್ನುವ ಅಂಕಿ, ಇವುಗಳ ಜೊತೆ ಬಂತು. ನಮ್ಮ ಅವ್ವಂದಿರು 499 ಅನ್ನು ‘ಒಂದು ಕಮ್ಮಿ ಐನೂರು’ ಅಂತ ಓದುತ್ತಾರೆ, ಅದು ಐನೂರೇ ಅನ್ನುವ ಸತ್ಯವನ್ನು ಒಂದು ಕ್ಷಣವೂ ಮರೆಯುವುದಿಲ್ಲ. ಆದರೆ ಆ ಗಾಜಿನ ಬಾಗಿಲ ಒಳಗೆ ಅದೇ ಅವ್ವ ದನಿ ತಗ್ಗಿಸುತ್ತಾಳೆ. ಕನ್ನಡದಲ್ಲಿ ಕೇಳಿದರೆ ತನ್ನನ್ನು ಕೊಳ್ಳಲಾಗದವಳು ಅಂದುಕೊಂಡಾರು ಅನ್ನುವ ಅಳುಕು. ಇಂಗ್ಲಿಷಿನಲ್ಲಿ ಬೆಲೆ ಕೇಳುವ ಮಗಳ ಬೆನ್ನು ನೆಟ್ಟಗಾದದ್ದೂ ಇದೇ ಅಳುಕಿನಿಂದ. ಇದು ನನ್ನನ್ನು ನೋಯಿಸುತ್ತದೆ. ರೊಕ್ಕ ಕೊಡುವವರು ಅವರು, ಅಂಜುವವರೂ ಅವರೇ ಆದರೆ ಎಲ್ಲೋ ದೊಡ್ಡದೊಂದು ತಪ್ಪಾಗಿದೆ.

ಆ ತಪ್ಪಿನ ಒಂದು ಬೇರು ಪೊಟ್ಟಣದ ಮೇಲೆಯೇ ಇದೆ. ನಮ್ಮ ದೇಶದಲ್ಲಿ ಪೊಟ್ಟಣದಲ್ಲಿ ಮಾರುವ ಸರಕಿನ ಮೇಲೆ ಗರಿಷ್ಠ ಮಾರಾಟ ಬೆಲೆ, ಅಂದರೆ ನಾವೆಲ್ಲ ಹೇಳುವ ಎಂಆರ್‌ಪಿ, ತೆರಿಗೆಯೆಲ್ಲ ಸೇರಿಸಿ ಅಚ್ಚಾಗಿರಬೇಕು. ನಿವ್ವಳ ತೂಕ, ತಯಾರಕರ ಹೆಸರು ವಿಳಾಸ, ತಯಾರಾದ ತಿಂಗಳು ವರ್ಷ, ದೂರು ಹೇಳಬೇಕಾದ ವಿಳಾಸ ಇವೆಲ್ಲ ಇರಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳು ಇದನ್ನು ಹೇಳುತ್ತವೆ. ಆದರೆ ಇವೆಲ್ಲ ಯಾವ ಭಾಷೆಯಲ್ಲಿರಬೇಕು? ದೇವನಾಗರಿ ಲಿಪಿಯ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಬೇರೆ ಭಾಷೆ ಬೇಕಾದರೆ ಜೊತೆಗೆ ಸೇರಿಸಿಕೊಳ್ಳಬಹುದು, ಈ ನಿಯಮಗಳಲ್ಲಿ ಅದು ಕಡ್ಡಾಯವಿಲ್ಲ. ಹಾಗಾಗಿ ಮಾನ್ವಿಯ ಓಣಿಯ ಪುಟ್ಟ ಕಿರಾಣಿ ಅಂಗಡಿಯಲ್ಲಿ ಕನ್ನಡದಲ್ಲೇ ಎಲ್ಲ ನಡೆದರೂ, ಕೈಗೆ ಬಂದ ಪೊಟ್ಟಣ ಮಾತ್ರ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಬಾಯಿಗೆ ಇಂಗ್ಲಿಷ್ ಬೇಡವಾದಲ್ಲೂ ಕಣ್ಣಿಗೆ ಬೇಕಾಗಿದೆ. ಪೊಟ್ಟಣದ ಮೇಲಿನ ಈ ವಿವರಗಳು ಕನ್ನಡದಲ್ಲೂ ಕಡ್ಡಾಯವಾಗಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಅಲ್ಲಿಯವರೆಗೆ ನಮ್ಮ ಮಕ್ಕಳು ಆ ನಾಲ್ಕು ಸಾಲನ್ನು ಓದಲು ಕಲಿತು, ಮನೆಯ ಹಿರಿಯರಿಗೆ ಓದಿ ಹೇಳಬೇಕು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನಕ್ಕೆ ಇದು ಗೊತ್ತಿಲ್ಲ. ಎಂಆರ್‌ಪಿ ಅನ್ನುವುದು ಮೇಲಿನ ಮಿತಿ. ಅದಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ, ಕಡಿಮೆಗೆ ಕೊಡಬಹುದು. ಅಂದರೆ ಅಚ್ಚಾದ ಬೆಲೆಯ ಮುಂದೆಯೂ ‘ಕೊಡೋದೆಷ್ಟು’ ಅಂತ ಕೇಳುವ ಹಾದಿ ತೆರೆದೇ ಇದೆ. ಹೆಚ್ಚು ತಗೊಂಡರೆ 1915 ಅನ್ನುವ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಅಲ್ಲಿ ಹದಿನೇಳು ಭಾಷೆಗಳಲ್ಲಿ ಮಾತಾಡಬಹುದು, ಕನ್ನಡವೂ ಅದರಲ್ಲಿದೆ. ದೂರು ಕೊಡಲು ಇಂಗ್ಲಿಷ್ ಬೇಕಿಲ್ಲ.

ಗೊಬ್ಬರದ ಅಂಗಡಿಯ ಮಾತಂತೂ ನಮ್ಮ ಜಿಲ್ಲೆಗೆ ಜೀವದ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಮಾನ್ವಿ ಕಡೆ ಭತ್ತ ನಾಟಿ ನಡೆಯುವಾಗ, ದೇವದುರ್ಗದ ಎರೆಭೂಮಿಯಲ್ಲಿ ಹತ್ತಿ ಮೊಳಕೆ ಒಡೆಯುವಾಗ ಯೂರಿಯಾ ಬೇಕು, ಎಲ್ಲರಿಗೂ ಒಂದೇ ವಾರದಲ್ಲಿ ಬೇಕು. 45 ಕಿಲೋ ಚೀಲದ ಬೆಲೆ 266 ರೂಪಾಯಿ 50 ಪೈಸೆ ಅಂತ ಚೀಲದ ಮೇಲೆಯೇ ಅಚ್ಚಾಗಿರುತ್ತದೆ. ದಾಸ್ತಾನು ಎಷ್ಟಿದೆ, ದರ ಎಷ್ಟಿದೆ ಅನ್ನುವುದನ್ನು ಅಂಗಡಿಯವರು ಹಲಗೆಯ ಮೇಲೆ ಬರೆದು ಹಾಕಬೇಕು ಅಂತ 1985ರ ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ. ಹತ್ತಿ ಬೀಜದ ಪೊಟ್ಟಣದ ಗರಿಷ್ಠ ಬೆಲೆಯನ್ನು 2015ರ ಆದೇಶದ ಪ್ರಕಾರ ಕೇಂದ್ರ ಸರ್ಕಾರವೇ ಗೊತ್ತುಮಾಡುತ್ತದೆ. ಸರದಿಯಲ್ಲಿ ನಿಂತ ರೈತ ಕೌಂಟರಿನ ಹತ್ತಿರ ಬಂದಾಗ “ಎಷ್ಟ್ರಿ?” ಅಂತ ಕೇಳಿದರೆ ಅಂಗಡಿಯವರು ಹೇಳಿದ್ದೇ ಬೆಲೆ. “ಚೀಲದ ಮ್ಯಾಲೆ ಎಷ್ಟು ಬರದೈತ್ರಿ?” ಅಂತ ಕೇಳಿದರೆ ಮಾತಿನ ತೂಕವೇ ಬೇರೆ. ಈ ಎರಡನೆಯ ಪ್ರಶ್ನೆ ಕೇಳಲು ಧೈರ್ಯ ಬೇಕು, ಆ ಧೈರ್ಯ ಬರುವುದು ಓದಲು ಬಂದಾಗ. ಒಂಬತ್ತನೇ ತರಗತಿಯ ಮಗನನ್ನೋ ಮಗಳನ್ನೋ ಒಂದು ದಿನ ಗೊಬ್ಬರದ ಅಂಗಡಿಗೆ ಜೊತೆಗೆ ಕರೆದುಕೊಂಡು ಹೋಗಿ. ಅವರ ಇಂಗ್ಲಿಷಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಬಂದದ್ದು 2007ರಲ್ಲಿ. ಅದೇ ಶಾಲೆಗಳಲ್ಲಿ ಮೆಟ್ರಿಕ್ ಮೇಳ, ಮಕ್ಕಳ ಸಂತೆ ಅಂತಲೂ ಮಾಡುತ್ತೇವೆ. ಮಕ್ಕಳು ಮನೆಯಿಂದ ಮೆಂತ್ಯ, ನಿಂಬೆಹಣ್ಣು, ಶೇಂಗಾ, ಚುರುಮುರಿ, ಬಳೆ ತಂದು ಅಂಗಳದಲ್ಲಿ ಗೋಣಿತಟ್ಟು ಹಾಸಿ ಕೂತು ಮಾರುತ್ತಾರೆ. ಗಣಿತ ಕಲಿಸುವ ಹಬ್ಬ ಅದು. ಒಂದು ವರ್ಷ ನಾನು ಅದಕ್ಕೆ ಒಂದು ಕಟ್ಟಳೆ ಸೇರಿಸಿದೆ. ಒಬ್ಬ ಗಿರಾಕಿ ತನ್ನ ಮನೆಮಾತಿನಲ್ಲಿ ಕೇಳಬೇಕು, ಇನ್ನೊಬ್ಬ ಇಂಗ್ಲಿಷಿನಲ್ಲಿ. ಮಾರುವ ಮಗು ಇಬ್ಬರಿಗೂ ಅವರವರ ಮಾತಿನಲ್ಲೇ ಉತ್ತರ ಕೊಡಬೇಕು. ಇಬ್ಬರಿಗೂ ಒಂದೇ ಬೆಲೆ ಹೇಳಬೇಕು. ಈ ಕೊನೆಯ ಕಟ್ಟಳೆಯನ್ನು ಮಕ್ಕಳೇ ಸೇರಿಸಿದ್ದು, ನಾನಲ್ಲ.

ಏನಾಯಿತು ಅಂದರೆ, ಪಾಠದಲ್ಲಿ ಇಲ್ಲದ ಇಂಗ್ಲಿಷ್ ಬೇಕಾಯಿತು. ಮಕ್ಕಳು ಓಡಿ ಬಂದು ಕೇಳುತ್ತಿದ್ದರು. “ಸರ್, ಸ್ವಲ್ಪ ಬಿಡ್ರಿ ಅನ್ನಾಕ ಏನಂತಾರ್ರಿ?” ‘ಕ್ಯಾನ್ ಯು ರೆಡ್ಯೂಸ್ ಇಟ್ ಎ ಲಿಟ್ಲ್?’ ಅನ್ನು ಅಂದೆ. “ಇಷ್ಟಕ್ಕ ಕೊಡ್ತೀಯೇನು?” ‘ವಿಲ್ ಯು ಗಿವ್ ಇಟ್ ಫಾರ್ ಎಯ್ಟಿ?’ “ಕೊನಿಗೆ ಎಷ್ಟು?” ‘ವಾಟ್ ಈಸ್ ಯುವರ್ ಲಾಸ್ಟ್ ಪ್ರೈಸ್?’ ಬಿಲ್ ಕೊಡಿ, ಚಿಲ್ಲರೆ ಕೊಡಿ, ಇದು ಹಳಸಿದೆ ಬೇರೆ ಕೊಡಿ, ಇವಕ್ಕೂ ವಾಕ್ಯ ಬೇಕಾದವು. ಕೊಸರಿಗೆ ಬಂದಾಗ ನಾನೂ ತಡೆದೆ. ‘ಎಕ್ಸ್‌ಟ್ರಾ’ ಅಂದರೆ ಮುಗಿಯುತ್ತದೆ, ಆದರೆ ಹೆಚ್ಚಿನದು ಅನ್ನುವುದೇ ಬೇರೆ, ಕೊಸರು ಅನ್ನುವುದೇ ಬೇರೆ. ನಿಂಬೆಹಣ್ಣು ಮಾರುತ್ತಿದ್ದ ಹುಡುಗಿಯೊಬ್ಬಳು ಅದನ್ನು ಬಗೆಹರಿಸಿದಳು. ಇಂಗ್ಲಿಷಿನಲ್ಲಿ ಕೇಳುತ್ತಿದ್ದ ಗಿರಾಕಿಗೆ ಐದು ಹಣ್ಣು ಎಣಿಸಿ ಕೊಟ್ಟು, ಆರನೆಯದನ್ನು ಅವನ ಅಂಗೈ ಮೇಲಿಟ್ಟು, “ದಿಸ್ ಈಸ್ ಕೊಸರು” ಅಂದಳು. ರೇಟು, ಬಿಲ್ಲು, ಡಜನ್, ಸೈಜು ನಮ್ಮ ಕನ್ನಡದೊಳಗೆ ಬಂದು ಕೂತ ಹಾಗೆ ಕೊಸರೂ ಇಂಗ್ಲಿಷಿನೊಳಗೆ ಹೋಗಿ ಕೂರಲಿ, ಏನು ತಪ್ಪು?

ಆ ಮಕ್ಕಳಲ್ಲಿ ಬಹಳ ಜನ ಈಗ ಊರಲ್ಲಿಲ್ಲ. ನಮ್ಮ ಭಾಗದ ಸಂಗತಿ ನಿಮಗೆ ಗೊತ್ತೇ ಇದೆ. ಮಳೆ ಕೈಕೊಟ್ಟ ವರ್ಷ ದೇವದುರ್ಗದ ಬಸ್ ನಿಲ್ದಾಣದಲ್ಲಿ ಗಂಟುಮೂಟೆಗಳ ಜೊತೆ ಕುಟುಂಬಗಳೇ ಕೂತಿರುತ್ತವೆ, ಬೆಂಗಳೂರಿಗೆ, ಹೈದರಾಬಾದಿಗೆ, ಪುಣೆಗೆ. ಓದಿದ ಮಕ್ಕಳೂ ಅದೇ ಬಸ್ಸು ಹತ್ತುತ್ತಾರೆ. ಪುಣೆಯಲ್ಲಿ ಬಾಡಿಗೆ ಕೋಣೆ ಹುಡುಕುವಾಗ, ಔಷಧಿ ಅಂಗಡಿಯಲ್ಲಿ ನಿಂತಾಗ, ಮೊಬೈಲ್ ರಿಪೇರಿಗೆ ಎಷ್ಟಾಗುತ್ತದೆ ಅಂತ ಮೊದಲೇ ಗೊತ್ತುಮಾಡಿಕೊಳ್ಳುವಾಗ ಅವರಿಗೆ ಇಂಗ್ಲಿಷ್ ಬೇಕೇ ಬೇಕು. ಹಾಗಾಗಿ ಇಂಗ್ಲಿಷಿನಲ್ಲಿ ಬೆಲೆ ಕೇಳಬೇಡಿ ಅಂತ ನಾನು ಯಾರಿಗೂ ಹೇಳುವವನಲ್ಲ. ಚೆನ್ನಾಗಿ ಕೇಳಿ, ಪೂರ್ತಿ ಕೇಳಿ. ಹೇಳಿದ್ದನ್ನು ಕೇಳಿಸಿಕೊಂಡು, ಮತ್ತೆ ಕೇಳಿ. ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಫೋನ್ ಮಾಡಿ, “ಸರ್, ಇಲ್ಲಿ ಆಟೋದವ್ರಿಗೆ ಲಾಸ್ಟ್ ಪ್ರೈಸ್ ಅಂದೆ, ಮೂವತ್ತು ರೂಪಾಯಿ ಬಿಟ್ರು” ಅಂದ. ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಪಾಸಾಗಲು ಬಹಳ ತಿಣುಕಿದ ಹುಡುಗ ಅವನು. ಅವತ್ತು ನನಗಾದ ಸಂತೋಷ ಯಾವ ಫಲಿತಾಂಶದ ದಿನವೂ ಆಗಿರಲಿಲ್ಲ.

ಆ ಬಟ್ಟೆ ಅಂಗಡಿಯ ಕತೆ ಅರ್ಧಕ್ಕೆ ನಿಂತಿತ್ತು. ತಾಯಿ ಸಾವಿರದಿಂದ ಹಿಡಿದು ಕೇಳಿದರು, ಹುಡುಗ ಹನ್ನೆರಡು ನೂರಿನಿಂದ ಇಳಿಯುತ್ತ ಬಂದ. ಕೊನೆಗೆ ಹನ್ನೊಂದು ನೂರಕ್ಕೆ ಮಾತಾಯಿತು. ಇಬ್ಬರೂ ಸಮಾಧಾನದಿಂದ ನಕ್ಕರು. ನಾನು ನನ್ನ ಸೀರೆಯ ದುಡ್ಡು ಕೊಟ್ಟು ಹೊರಗೆ ಬಂದಾಗ ಆ ತಾಯಿ ಮಗಳು ಮೆಟ್ಟಿಲ ಮೇಲೆ ಕೂತಿದ್ದರು. ಮಗಳ ಕೈಯಲ್ಲಿ ಬಿಲ್ಲು. ಎಲ್ಲ ಇಂಗ್ಲಿಷಿನಲ್ಲಿ ಅಚ್ಚಾದ ಸಣ್ಣ ಚೀಟಿ.

“ಓದು ನೋಡಮ್” ಅಂದರು ತಾಯಿ.

ಮಗಳು ಬೆರಳಿಟ್ಟು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದಳು. ತಾಯಿ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತ ಕೂಡಿಸುತ್ತಿದ್ದರು. ಸೀರೆ ಹನ್ನೊಂದು ನೂರು. ರವಿಕೆ ಬಟ್ಟೆ ನೂರಾ ಅರವತ್ತು. ಫಾಲ್ ಎಪ್ಪತ್ತು. ಒಟ್ಟು ಸಾವಿರದ ಮುನ್ನೂರಾ ಐವತ್ತು.

ತಾಯಿಯ ಹೆಬ್ಬೆರಳು ನಡುವಿನ ಗೆಣ್ಣಿನ ಮೇಲೆ ನಿಂತಿತು. “ಮುನ್ನೂರಾ ಮೂವತ್ತು ಬರ್ತೈತಿ. ಇಪ್ಪತ್ತು ಯಾತಕ್ಕ?”

ಮಗಳು ಚೀಟಿಯನ್ನು ಬೆಳಕಿಗೆ ಹಿಡಿದಳು. ಎರಡು ಸಾಲಿನ ನಡುವೆ ಅಚ್ಚು ಮಸುಕಾದ ಇನ್ನೊಂದು ಸಾಲಿತ್ತು. “ಕ್ಯಾರಿ ಬ್ಯಾಗಿಗಂತವ್ವಾ. ಚೀಲಕ್ಕ.”

“ಚೀಲ ನಾವು ಕೇಳ್ಲೇ ಇಲ್ಲಲ್ಲ. ನಮ್ಮ ಕೈಚೀಲ ಇಲ್ಲೇ ಐತಿ.”

ಹುಡುಗಿ ಎದ್ದು ನಿಂತಳು. ಅಂಗಡಿಯ ಚೀಲದಿಂದ ಸೀರೆ ತೆಗೆದು ತಾಯಿಯ ಮಡಿಲಲ್ಲಿಟ್ಟು, ಖಾಲಿ ಚೀಲವನ್ನೂ ಬಿಲ್ಲನ್ನೂ ಹಿಡಿದು ಗಾಜಿನ ಬಾಗಿಲು ನೂಕಿಕೊಂಡು ಒಳಗೆ ಹೋದಳು. ಯಾವ ಭಾಷೆಯಲ್ಲಿ ಕೇಳಿದಳೋ ನನಗೆ ಕೇಳಿಸಲಿಲ್ಲ. ತಾಯಿ ಸೀರೆಯನ್ನು ತಮ್ಮ ಕೈಚೀಲಕ್ಕೆ ಜೋಪಾನವಾಗಿ ಇಳಿಸುತ್ತಿದ್ದರು. ಮಗಳು ಹೊರಗೆ ಬಂದಾಗ ಅವಳ ಕೈಯಲ್ಲಿ ಇಪ್ಪತ್ತರ ಒಂದು ನೋಟಿತ್ತು.